ಕ್ವಾರಿ ನೀರಾಗ ನಮ್ಮ ಬಳಗ

ನಮ್ಮ ಹಿತ್ತಲ ಬಾಗಿಲ ಮಗ್ಗಲಕ್ಕ ಒಂದು ಮೊಳಿ ಐತಿ. ಆ ಮೊಳಿಗೆ ಒಂದು ಮಾಸ್ಕ್ ಜೋತು ಬಿದ್ದಿರತೈತಿ. ಕೊರೊನಾ ಕಾಲದ ಬಟ್ಟಿ ಮಾಸ್ಕ್ ಅಲ್ರಿ. ಕಣ್ಣು ಮೂಗು ಎರಡೂ ಮುಚ್ಚೂವಂಥಾದ್ದು, ಮುಂದ ದಪ್ಪ ಗಾಜು, ಸುತ್ತ ಕರೀ ರಬ್ಬರು. ನಿನ್ನಿ ಮಗ್ಗಲಮನಿ ಹೊಸ ಸೊಸಿ ಹೆಪ್ಪಿಗೆ ಮಜ್ಜಿಗಿ ಕೇಳಾಕ ಬಂದಾಕಿ ಅದನ್ನ ನೋಡಿ, "ಅಕ್ಕೋರ, ಇದೇನ್ರಿ? ಉಳ್ಳಾಗಡ್ಡಿ ಹೆಚ್ಚುವಾಗ ಹಾಕ್ಕೋತೀರೇನ್ರಿ?" ಅಂತ ಕೇಳಿದ್ಲು. "ಹೂಂ ನಮ್ಮವ್ವಾ, ಅದಕ್ಕೂ ಬರತೈತಿ" ಅಂದ್ನಿ. ಸುಳ್ಳಲ್ಲ, ಒಂದೆರಡು ಸಲ ಹಾಕ್ಕೊಂಡೇನಿ. ಕಣ್ಣಾಗ ಒಂದು ಹನಿ ನೀರು ಬರೂದಿಲ್ಲ.

ಉಳಿದದ್ದು ಹೇಳಿದ್ರ ಆಕಿ ನಂಬತಿದ್ದಿಲ್ಲ. ಬಾಗಲಕೋಟಿ ನವನಗರದಾಗ ಇರಾಕಿ ನಾನು, ಸಾಲಿ ಅಕ್ಕೋರಾಗಿ ನಿವೃತ್ತಿ ಆಗಿ ವರ್ಷ ಆತು, ಮೆಟ್ಟಲ ಹತ್ತಿದ್ರ ಮೊಣಕಾಲು ಕಟಕಟ ಅಂತಾವ. ಇಂಥಾಕಿ ತಿಂಗಳಿಗೆ ಎರಡು ರವಿವಾರ ಇಳಕಲ್ಲಿಗೆ ಹೋಗಿ, ಬೆನ್ನಿಗೆ ಗಾಳಿ ಸಿಲಿಂಡರ ಕಟಗೊಂಡು, ನೀರಿನ ತಳಕ್ಕ ಇಳಿದು ಬರ್ತಾಳ ಅಂದ್ರ ಯಾರು ನಂಬಬೇಕು? ರಬ್ಬರ್ ಅಂಗಿ ತೊಟ್ಟು ನಿಂತ್ನೆಂದ್ರ ನಾ ಥೇಟ್ ಎಣಗಾಯಿಗೆ ತಂದ ಬದನಿಕಾಯಿ ಕಂಡಂಗ ಕಾಣಸ್ತೇನಿ. ಇದು ನಮ್ಮ ಮನಿಯವರು ಹೇಳಿದ ಮಾತು. ಅವರು ಇಲ್ಲೀತನಾ ದಂಡಿ ಬಿಟ್ಟು ಒಂದು ಹೆಜ್ಜಿ ನೀರಾಗ ಇಟ್ಟವರಲ್ಲ.

ನಮ್ಮ ಈ ಮುಳುಗೂ ಬಳಗದವರು ಸ್ಮರಣ ಸಂಚಿಕಿ ತರಾಕ ಹೊಂಟಾರ. "ಅಕ್ಕೋರ, ನಿಮ್ಮ ಅಕ್ಷರ ದುಂಡಗ ಅದಾವ, ಬಳಗದ ಇತಿಹಾಸ ನೀವ ಬರೀರಿ" ಅಂತ ನನ್ನ ಕೊಳ್ಳಿಗೆ ಕಟ್ಟ್ಯಾರ. ಈಗೆಲ್ಲಾ ಟೈಪ್ ಮಾಡ್ತಾರ, ಅಕ್ಷರ ದುಂಡಗಿದ್ರೇನು ಉದ್ದಗಿದ್ರೇನು. ಇರ್ಲಿ. "ಸ್ಥಾಪನೆ, ಧ್ಯೇಯ, ಉದ್ದೇಶ" ಅಂತ ಬರದು ಮೂರು ದಿನ ಕುಂತೇನಿ, ಪೆನ್ನು ಮುಂದ ಹೋಗವಲ್ದು. ಯಾಕಂದ್ರ ಆ ಬಳಗ ಹುಟ್ಟಿದ್ದು ಕೊಳ್ಳಾಗಿನ ಲಿಂಗದ ಸಲುವಾಗಿ. ಬಳಗದ ಕಾರ್ಯದರ್ಶಿ ನಾನು. ನನ್ನ ಕೊಳ್ಳಾಗಿನ ಕರಡಿಗಿಯೊಳಗ ಲಿಂಗಾನ ಇದ್ದಿಲ್ಲ. ಇದನ್ನ ಮೊದಲ ನಿಮ್ಮ ಮುಂದ ಹೇಳಿ ಹಗುರಾಗಿ ಬಿಡ್ತೇನಿ, ಆಮ್ಯಾಲ ಧ್ಯೇಯ ಉದ್ದೇಶ ಏನರ ಬರೀಲಿಕ್ಕೆ ಬಂದೀತು.

ನನ್ನ ತವರಮನಿ ಹುನಗುಂದ. ನಮ್ಮ ಹೊಲದಾಗ ಒಂದು ಮೆಟ್ಟಲ ಭಾಂವಿ ಇತ್ತು. ಬ್ಯಾಸಗಿ ಸೂಟಿ ಬಂತಂದ್ರ ನಮ್ಮವ್ವನ ತಮ್ಮ ಸಂಗಪ್ಪ ಮಾಂವ ಇಳಕಲ್ಲಿಂದ ಬರ್ತಿದ್ರು. ನನ್ನ ಬೆನ್ನಿಗೆ ಒಣಗಿದ ಸೋರಿಬುರುಡಿ ಕಟ್ಟಿ, "ನಾ ಇದ್ದೇನಿ, ಬೀಳು" ಅಂತಿದ್ರು. ನಾ ಬೀಳತಿದ್ದಿಲ್ಲ. ಹಿಂದಿಂದ ದೂಡತಿದ್ರು. ಕುಡದ ನೀರಿಗೆ ಲೆಕ್ಕಿಲ್ಲ. ಹಂಗ ಎರಡು ಸೂಟಿಯೊಳಗ ಬುರುಡಿ ಹೋತು, ಮೂರನೇ ಸೂಟಿಗೆ ನಾ ಮ್ಯಾಲಿನ ಕಟ್ಟಿಯಿಂದ ಜಿಗಿಯಾಕ ಹತ್ತಿದ್ನಿ. ಓಣಿ ಗಂಡುಹುಡುಗರು ಬಾಯಿ ತಕ್ಕೊಂಡು ನೋಡ್ತಿದ್ರು. ಆ ಸೊಕ್ಕು ಇವತ್ತಿಗೂ ನನಗ ಒಂದು ಚೂರು ಐತಿ, ಮುಚ್ಚಿಡೂದಿಲ್ಲ.

ಹನ್ನೊಂದು ವರ್ಷದಾಕಿ ಇದ್ನಿ. ಒಂದು ಮುಂಜಾನೆ ಜಿಗದು ಮ್ಯಾಲ ಬಂದು ನೋಡ್ತೇನಿ, ಕೊಳ್ಳಾಗಿನ ಬೆಳ್ಳಿ ಕರಡಿಗಿ ಬಾಯಿ ತೆರಕೊಂಡು ಜೋತಾಡಾಕತ್ತೈತಿ. ಒಳಗ ಏನೂ ಇಲ್ಲ. ಅದರ ಕೀಲು ಸಡಲ ಆಗಿದ್ದು ನನಗ ಗೊತ್ತಿತ್ತು, ಅವ್ವಗ ಹೇಳಿದ್ದಿಲ್ಲ. ಕೈಕಾಲು ಸೋಲೂತನಾ ಮುಳುಗಿ ಹುಡುಕಿದ್ನಿ. ತಳದಾಗ ಮೊಣಕಾಲುದ್ದ ರಾಡಿ. ಎಲ್ಲಿ ಸಿಗಬೇಕು?

"ಲಿಂಗ ಬಿಟ್ಟಾಕಿ ಮನ್ಯಾಗ ಇದ್ದರೂ ಒಂದ, ಇರದಿದ್ದರೂ ಒಂದ" ಅಂತ ನಮ್ಮಜ್ಜಿ ದಿನಾ ಯಾರಿಗರ ಬೈತಿದ್ಲು. ನನಗಲ್ಲ, ದೂರದ ಯಾರೋ ಬೀಗರಿಗೆ. ಖರೆ ಆ ಮಾತು ನನ್ನ ಎದ್ಯಾಗ ಕುಂತಿತ್ತು. ಕರಡಿಗಿ ಬಾಯಿ ಒತ್ತಿ ಮುಚ್ಚಿದ್ನಿ, ಸೆರಗಿಲ್ಲದ ವಯಸ್ಸು, ಲಂಗದ ಮ್ಯಾಲಿನ ಜಂಪರಿನಾಗ ತುರಕಿದ್ನಿ, ಮನಿಗೆ ಹೋಗಿ ಉಂಡ್ನಿ. ಅವತ್ತಿಂದ ಭಾಂವಿ ಕಡೆ ಹಾಯಲಿಲ್ಲ. ಜಳಕ ಆದಮ್ಯಾಲ ಲಿಂಗಪೂಜಿಗಂತ ಗ್ವಾಡಿ ಕಡೆ ಮುಖ ಮಾಡಿ ಕುಂತು, ಬರೇ ಎಡಗೈ ಅಂಗೈ ಹಿಡಕೊಂಡು, ಅದಕ್ಕ ನೀರು, ಅದಕ್ಕ ಇಬತ್ತಿ, ಅದಕ್ಕ ಹೂವಿನ ಎಸಳು. ಮದವಿ ಆತು, ಅತ್ತಿಮನ್ಯಾಗೂ ಹಂಗ. ಮಠಕ್ಕ ಹೋಗಿ ಹೊಸದು ಕಟ್ಟಿಸಿಕೊಬಹುದಾಗಿತ್ತಲ್ಲ ಅಂತೀರಿ. ಹೊಸದು ಕೇಳಬೇಕಂದ್ರ ಹಳೇದು ಏನಾತು ಅಂತ ಹೇಳಬೇಕಲ್ರಿ. ಒಂದು ವರ್ಷ ಮುಚ್ಚಿಟ್ಟ ಸುಳ್ಳು ಒಪ್ಪಿಕೊಳ್ಳೂದು ಹಗುರ. ಹತ್ತು ವರ್ಷ ಆದಮ್ಯಾಲ ಬಾಯಿ ಬರೂದಿಲ್ಲ. ನಲವತ್ತು ಆದಮ್ಯಾಲ ಅದು ನಮ್ಮ ಮೈಯಾಗಿನ ಮಚ್ಚಿ ಇದ್ದಂಗ ಆಗಿಬಿಡತೈತಿ.

ಆ ಭಾಂವಿ ಈಗಿಲ್ಲ. ಮಣ್ಣು ಹಾಕಿ ಮುಚ್ಚಿ ಮ್ಯಾಲ ಟೈರ್ ಪಂಚರ್ ತಿದ್ದೂ ಅಂಗಡಿ ಆಗೈತಿ.

ಇನ್ನ ಮಾಂವನ ಸುದ್ದಿಗೆ ಬರ್ತೇನಿ. ಅವರು ಇಳಕಲ್ ಹತ್ತಿರದ ಒಂದು ಕೆಂಪು ಕಲ್ಲಿನ ಕ್ವಾರಿಯೊಳಗ ಮೇಸ್ತ್ರಿ ಆಗಿ ಜಲ್ಮ ಸವೆಸಿದವರು. ಕ್ವಾರಿ ನಿಂತಮ್ಯಾಲ ಕೆಳಗಿನ ಸೆಲಿ ಒಡದು, ಮ್ಯಾಲಿನ ಮಳಿ ಕೂಡಿ, ಎರಡು ಮೂರು ವರ್ಷದಾಗ ಅದು ದೊಡ್ಡ ಹೊಂಡ ಆತು. ಮಾಂವ ಸಂಜಿಮುಂದ ಅದರ ದಂಡಿಗೆ ಕುಂತು, "ಅಲ್ಲಿ ಕೆಳಗ, ಆರಾಳು ನೀರಿನಡಿ, ನಾ ನಿಂತು ಚಾ ಕುಡೀತಿದ್ನೆಲೇ" ಅಂತ ಬಂದವರಿಗೆಲ್ಲಾ ತೋರಸ್ತಿದ್ರು. ಒಂದ ಸಲ ಆ ತಳ ನೋಡಬೇಕು ಅನ್ನೂದು ಅವರ ಹಟ. ಎಪ್ಪತ್ತು ಸಮೀಪ ಬಂದಾಗ ಬೀಗರ ಜೋಡಿ ಸಮುದ್ರ ದಂಡಿಯ ಒಂದೂರಿಗೆ ಹೋದ್ರು. ಅಲ್ಲಿ ಈ ಸ್ಕೂಬಾ ಕಲಸ್ತಾರ ಅಂತ ಗೊತ್ತಾಗಿ, ನಾನೂ ಕಲೀತೇನಿ ಅಂತ ದೋಣಿ ಹತ್ತಿದ್ರು. ಕಲಸಾವ ಭಾಳ ನಯದಿಂದ, "ಅಜ್ಜಾ, ಕೊಳ್ಳಾಗಿಂದೆಲ್ಲಾ ತೆಗೀರಿ. ದಾರ ಪೈಪಿಗೆ ಸಿಗಬಿದ್ರ ಜೀವಕ್ಕ ಕುತ್ತು" ಅಂದ. ಅವನದೇನೂ ತಪ್ಪಿಲ್ಲ, ನಿಯಮ ಅದು. ಮಾಂವ "ಚೈನು ತೆಗೀತೇನಿ, ಈ ಲಿಂಗ ತೆಗ್ಯಾಕ ಬರೂದಿಲ್ಲಪಾ" ಅಂದ್ರು. ಅವ ಕೈ ಮುಗದ, ಇವರೂ ಕೈ ಮುಗದ್ರು. ಬೀಗರೆಲ್ಲಾ ನೀರಿಗಿಳಿದ್ರು. ಮಾಂವ ಎರಡು ತಾಸು ದೋಣ್ಯಾಗ ಎಲ್ಲಾರ ಚಪ್ಪಲಿ, ಮೊಬೈಲು ಕಾಯ್ಕೋಂತ ಕುಂತ್ರು.

ಊರಿಗೆ ಬಂದು ಒಂದು ವಾರ ಯಾರ ಜೋಡಿನೂ ಮಾತಾಡಲಿಲ್ಲ. ಎಂಟನೇ ದಿನ ನನಗ ಫೋನ್ ಮಾಡಿದ್ರು. "ನೀಲಾ, ನೀರಿಗಿಳಿಯೂ ಬಳಗ ನಾವ ಒಂದು ಕಟ್ಟೂಣು. ನೀ ಕಾರ್ಯದರ್ಶಿ." ನಾ "ಮುಳುಗೂ ಸಂಘಕ್ಕ ಯಾರು ಬರ್ತಾರ್ರಿ ಮಾಂವಾ, ಮುಳುಗಿದ ಸಂಘಕ್ಕಾದ್ರ ಬೇಕಾದಷ್ಟು ಮಂದಿ ಅದಾರ" ಅಂತ ನಕ್ಕೊಂಡ್ನಿ. ನಗೂ ಮುಂದ ನಾ ಖಾಲಿ ಕರಡಿಗಿ ಮುಟ್ಟಿ ನೋಡಿಕೊಂಡದ್ದು ಅವರಿಗೆ ಕಾಣಲಿಲ್ಲ. ಒಲ್ಲೆ ಅಂದಿದ್ರ ಮುಗೀತಿತ್ತು. ಆದ್ರ ನೀರು ಅನ್ನೂ ಶಬ್ದ ಕಿವಿಗೆ ಬಿತ್ತು ನೋಡ್ರಿ, ಭಾಂವಿ ಕಟ್ಟಿಮ್ಯಾಲಿನ ಆ ಸೊಕ್ಕಿನ ಹುಡುಗಿ ನನ್ನ ಕೇಳದ "ಹೂಂ" ಅಂದುಬಿಟ್ಟಳು.

ಗುರು ಸಿಕ್ಕಿದ್ದು ಚೊಳಚಗುಡ್ಡದಾಗ. ಅಂಬಿಗರ ಯಂಕಪ್ಪ, ನೌಕಾಪಡಿಯೊಳಗ ಮುಳುಗುವ ಕೆಲಸಾ ಮಾಡಿ ನಿವೃತ್ತಿ ಆಗಿ ಬಂದು ಬನಶಂಕರಿ ಗುಡಿ ಹತ್ತಿರ ಮನಿ ಕಟಗೊಂಡಾವ. ನೀರು ಅಂದ್ರ ಅವನಿಗೆ ಅಂಗಳ. ಮಾಂವ ಹೋಗಿ, "ಬಳಗ ನಮ್ಮ ಮಂದೀದು, ಕಲಸಾವ ನೀನು, ಒಪ್ಪಿಗಿ ಐತೇನು?" ಅಂತ ಕೇಳಿದ್ರು. ಯಂಕಪ್ಪ ನಕ್ಕು, "ದಾರ ಹೊರಗ ಜೋತಾಡಬಾರದು, ಅಷ್ಟ ರಿ. ಅಂಗಿ ಒಳಗ ಚೀಲದಾಗ ಇದ್ರ ನಂದೇನ್ ತಕರಾರು?" ಅಂದ. ನೋಡ್ರಿ, ಒಂದು ಚೀಲದ ಮಾತು! ಮಾಂವನ ಹೆಂಡ್ತಿ, ನಮ್ಮ ಅತ್ತಿ, ತನ್ನ ಹಳೇ ಇಳಕಲ್ ಸೀರಿ ಸೆರಗು ಹರದು, ಬಳಗಕ್ಕ ಕೂಡಿದ ಹದಿನಾಕು ಮಂದಿ ರಬ್ಬರ್ ಅಂಗಿ ಒಳಗ ಎದಿ ಹತ್ತಿರ ಹದಿನಾಕು ಚೀಲ ಹೊಲದು ಕೊಟ್ಲು. ಬಳಗ ನಿಂತದ್ದು ಆ ಹದಿನಾಕು ಚೀಲದ ಮ್ಯಾಲ.

ಸಣ್ಣ ಸಣ್ಣ ಹುಚ್ಚಾಟ ಭಾಳ ಆದವು. ಕ್ವಾರಿ ಕಲ್ಲು ಕೊರಿಯೂ ಕಂಪ್ರೆಸರಿನಿಂದ ಸಿಲಿಂಡರಿಗೆ ಗಾಳಿ ತುಂಬೂಣು, ಪುಗಸಟ್ಟೆ ಆಗತೈತಿ ಅಂತ ಮಾಂವ ಅಂದಾಗ ಯಂಕಪ್ಪ ಮೊದಲ ಸಲ ಸಿಟ್ಟಾದ. "ಅದರಾಗ ಎಣ್ಣಿ ಹೊಗಿ ಬರತೈತ್ರಿ. ಅದನ್ನ ಕುಡದು ಕೆಳಗ ಹೋದ್ರ ಮ್ಯಾಲ ಬರೂದು ನೀವಲ್ಲ" ಅಂದ. ಉಸಿರಾಡೂ ಗಾಳಿ ತುಂಬಾಕ ಅವನ ಹತ್ರ ಬ್ಯಾರೆ ಯಂತ್ರ ಇತ್ತು. ಎಲ್ಲಾರಿಗೂ ಡಾಕ್ಟರ ಚೀಟಿ ಬೇಕಂದ. ಹೋಗಿ ನೋಡಿದ್ರ ಮಾಂವನ ಬೀಪಿ ಡಾಕ್ಟರ ಬೀಪಿಕಿಂತ ಚಲೋ ಇತ್ತಂತ.

ನಮ್ಮನ್ನ ನೋಡಿ ಮತ್ತ ಎರಡು ಬಳಗ ಹುಟ್ಟಿದ್ವು. ಇಳಕಲ್ಲಿನ ನೇಕಾರ ಮಂದಿ ತಮ್ಮದೊಂದು ಕಟ್ಟಿದ್ರು. ಮಗ್ಗದ ಕುಣ್ಯಾಗ ಕಾಲು ಬಿಟ್ಟು ಜಲ್ಮ ಕಳದವರಿಗೆ ನಡಾ ನೆಟ್ಟಗ ಆಗೂದು ನೀರಾಗ ಅಷ್ಟ ಅಂತ ಅವರ ಹೇಳಿಕಿ. ಕಲ್ಲು ಪಾಲಿಶ್ ಮಾಡೂ ಮುಸಲ್ಮಾನ ಮನೆತನದವರು ಮತ್ತೊಂದು ಕಟ್ಟಿದ್ರು. ಅವರಿಗೆ ಶುಕ್ರವಾರ ಸೂಟಿ, ನಮಾಜಿನ ಹೊತ್ತಿಗೆ ಮ್ಯಾಲ ಇರಬೇಕು. ರೋಜಾ ತಿಂಗಳದಾಗ ಬಾಯಾಗ ನೀರು ಹೋದೀತಂತ ಪೂರಾ ಬಂದ್. ಕ್ವಾರಿ ಒಂದ, ಯಂಕಪ್ಪ ಒಬ್ಬನ, ಸಿಲಿಂಡರೂ ಅವ. ಒಬ್ಬರಿಗೊಬ್ಬರು ರೊಟ್ಟಿ, ಸಮೋಸಾ ಕಳಸ್ತೇವಿ. ಮತ್ತ ಬ್ಯಾರೆ ಬ್ಯಾರೆ ಯಾಕ್ರಿ ಅಂತ ಒಬ್ಬ ಪೇಪರಿನವ ಕೇಳಿದ್ದ. ಯಂಕಪ್ಪ "ನೀರಿಗಿಳಿಯೂ ಮುಂಚೆ ಎಲ್ಲಾರಿಗೂ ಒಂದೊಂದು ಅಂಜಿಕಿ ಇರತೈತ್ರಿ. ಅಂಜಿಕಿ ಹೇಳಿಕೊಳ್ಳಾಕ ತಮ್ಮವರು ಬೇಕು" ಅಂದ. ಪೇಪರಿನವ ಅದನ್ನ ಹಾಕಲಿಲ್ಲ, ನಮ್ಮ ಗುಂಪಿನ ಫೋಟೋ ಹಾಕಿದ. ಆ ಮಾತು ಕೇಳಿ ನಾ ಮಾತ್ರ ನೆಲಾ ನೋಡಿದ್ನಿ. ನನ್ನ ಅಂಜಿಕಿ ಇದ್ದದ್ದ ನಮ್ಮವರದು.

ನಮ್ಮ ಪದ್ಧತಿ ಹಿಂಗ. ಹಸದ ಹೊಟ್ಟಿಲೆ ಬೆಳಗಿನ್ಯಾಗ ನೀರಿಗಿಳಿಯೂದು. ಇಳಿಯೂ ಮೊದಲ ಇಬ್ಬಿಬ್ಬರು ಜೋಡಿ ಆಗಿ ಒಬ್ಬರನ್ನೊಬ್ಬರು ತಪಾಸಣಿ ಮಾಡೂದು. ನನ್ನ ಜೋಡಿ ಮಾಂವ. "ಗಾಳಿ?" "ಐತ್ರಿ." "ತೂಕದ ಸೀಸದ ಪಟ್ಟಿ?" "ಐತ್ರಿ." "ಲಿಂಗ?" "ಐತ್ರಿ." ಅವರು ನನ್ನ ಕರಡಿಗಿ ಅಂಗೈಯಾಗ ಹಿಡಕೊಂಡು, ಕಣ್ಣಿಗೊತ್ತಿಕೊಂಡು, ನನ್ನ ಕೈಯಾಗ ಕೊಡತಿದ್ರು. ನಾ ಚೀಲದಾಗ ಇಟ್ಟು ಅಂಗಿ ಮುಚ್ಚತಿದ್ನಿ. ಮ್ಯಾಲ ಬಂದಮ್ಯಾಲ ಕಲ್ಲಿನ ಹಾಸಿನಮ್ಯಾಲ ಸಾಲಾಗಿ ಕುಂತು ಲಿಂಗಪೂಜಿ, ಆಮ್ಯಾಲ ರೊಟ್ಟಿ ಬುತ್ತಿ. ಒಬ್ಬರ ಪೂಜಿ ಆಗದ ಇನ್ನೊಬ್ಬರು ತುತ್ತು ಎತ್ತೂದಿಲ್ಲ ಅಂತ ಮಾಂವ ಕಟ್ಟು ಹಾಕಿದ್ರು. ನಾ ಅಲ್ಲೂ ಬಂಡಿಗಲ್ಲಿನ ಕಡೆ ಮುಖ ಮಾಡಿ ಕುಂಡ್ರತಿದ್ನಿ. "ಅಕ್ಕೋರ ಭಕ್ತಿ ನೋಡ್ರಿ, ಎಷ್ಟು ಏಕಾಗ್ರತಾ!" ಅಂತಿದ್ಲು ಶಾಂತವ್ವ, ಹುನಗುಂದದ ದವಾಖಾನಿಯೊಳಗ ನರ್ಸ್ ಆಗಿದ್ದಾಕಿ. ಆಗ ನನಗ ಭೂಮಿ ಬಾಯಿ ಬಿಡಬಾರದೇನು ಅನಸ್ತಿತ್ತು.

ಯಂಕಪ್ಪ ಮೊದಲ ಹೇಳಿದ್ದ. "ಕೆಳಗ ಹೋದಂಗ ನೀರು ಅವುಚತೈತಿ. ಗಾಳಿ ಇರೂ ಟೊಳ್ಳು ಡಬ್ಬಿ ಯಾವುದೂ ಒಯ್ಯಬ್ಯಾಡ್ರಿ. ಬೆಳ್ಳಿ ಕರಡಿಗಿ ಮನ್ಯಾಗಿಟ್ಟು ಲಿಂಗ ಬಟ್ಟ್ಯಾಗ ಕಟಗೊಂಡು ಬರ್ರಿ." ಎಲ್ಲಾರೂ ಹಂಗ ಮಾಡಿದ್ರು. ನಾ ಬಟ್ಟ್ಯಾಗ ಏನು ಕಟಗೊಂಡು ಬರ್ಲಿ? "ಅಜ್ಜಿ ಕೊಟ್ಟ ಕರಡಿಗಿ, ಅಗಲಾಕ ಮನಸಿಲ್ಲ" ಅಂತ ಹಟ ಹಿಡದ್ನಿ. "ಹಂಗಾರ ನೀರು ಒಳಗ ಹೋಗ್ಲಿ, ಮುಚ್ಚಳ ಸಡಲ ಇಡ್ರಿ" ಅಂದ. ಸಡಲ ಇಟ್ರ ಮ್ಯಾಲ ಬಂದು ಎಲ್ಲಾರ ಮುಂದ ಬಿಚ್ಚಿ ನೀರು ಚೆಲ್ಲಬೇಕಲ್ಲ! ಯಾರಿಗೂ ಹೇಳದ ಸಂದಿಗೆ ಮೇಣ ಕಾಸಿ ಹಾಕಿ ಗಟ್ಟಿ ಮುಚ್ಚಿದ್ನಿ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಸಿದಾಕಿ ನಾನು. ನನ್ನ ತಲಿಗೆ ಏನು ಹೊಡೀಬೇಕು ನೀವ ಹೇಳ್ರಿ. ಎರಡಾಳು ನೀರಿನತನಾ ಏನೂ ಆಗಲಿಲ್ಲ. ಅದಕ್ಕ ಧೈರ್ಯ ಬಂತು.

ಕಡೀಕ ಆ ರವಿವಾರ ಬಂತು. ತಳ ಮುಟ್ಟೂ ದಿನ. ಹಗ್ಗ ಹಿಡಕೊಂಡು ಸಾವಕಾಶ ಇಳಿದ್ವಿ. ಮ್ಯಾಲ ಹಸಿರು ನೀರು, ಕೆಳಗ ಹೋದಂಗ ಕೆಂಪು ಕಲ್ಲಿನ ಗ್ವಾಡಿ ಬಣ್ಣಾ ಕಳಕೊಂಡು ಬೂದಿ ಆತು. ತಳದಾಗ ನೋಡ್ರಿ, ಕಲ್ಲು ಕೊರದ ತೂತು ಸಾಲಾಗಿ ಹಂಗ ಅದಾವ, ಒಂದು ಜಂಗ ಹಿಡದ ಕಬ್ಬಿಣದ ನಿಚ್ಚಣಿಕಿ, ಅದರ ಮಗ್ಗಲಕ್ಕ ಒಂದು ಚಪ್ಪಟಿ ಕಲ್ಲು. ಮಾಂವ ಆ ಕಲ್ಲಿಗೆ ಹೋಗಿ ಕೈ ಇಟ್ರು. ನನಗ ಕೈ ಸನ್ನಿ ಮಾಡಿದ್ರು, ಬಟ್ಟಲ ಎತ್ತಿ ಕುಡದಂಗ. ಚಾ ಕುಡೀತಿದ್ದ ಜಾಗಾ! ಮಾಸ್ಕಿನೊಳಗ ಅವರ ಕಣ್ಣು ನೋಡಿ ನನಗ ಎಷ್ಟು ಖುಷಿ ಆತಂದ್ರ, ಹೇಳಾಕ ಬರೂದಿಲ್ಲ. ಅಷ್ಟರಾಗ ನನ್ನ ಎದಿ ಹತ್ತಿರ "ಟಪ್" ಅಂತ ಒಂದು ಸಪ್ಪಳ ಆತು. ಎದೀನ ಒಡೀತು ಅಂದ್ಕೊಂಡ್ನಿ.

ಮ್ಯಾಲ ಬಂದು ತಕ್ಕೊಂಡು ನೋಡಿದ್ರ ಕರಡಿಗಿ ಹೊಟ್ಟಿ ಒಳಗ ಹೋಗೈತಿ, ಮುಚ್ಚಳ ಕಚ್ಚಿ ಕುಂತೈತಿ. ಉಗುರಿಲೆ ತೆಗದ್ರ ಬರಲಿಲ್ಲ, ಯಂಕಪ್ಪನ ಚಾಕುವಿಲೆ ಬರಲಿಲ್ಲ. ಅವ ಅದನ್ನ ತಿರುವಿ ಮುರುವಿ ನೋಡಿ, "ಅಕ್ಕೋರ, ಮೇಣ ಹಾಕಿದ್ರೇನ್ರಿ? ಇಷ್ಟು ಚಪ್ಪಟಿ ಆಗೈತಂದ್ರ ಒಳಗ ಬರೇ ಗಾಳಿ ಇದ್ದಂಗ ಐತಲ್ರಿ" ಅಂದ. ಪಾಪ, ಅವ ತನ್ನ ಲೆಕ್ಕದಾಗ ಅಂದದ್ದು. ಮಾಂವ ಅವನ ಕೈಯಾಗಿಂದ ಕರಡಿಗಿ ಇಸಗೊಂಡು, "ಯಂಕಪ್ಪಾ, ನೀ ಸಿಲಿಂಡರ ನೋಡಹೋಗು" ಅಂದ್ರು.

ಹದಿಮೂರು ಮಂದಿ ಸಾಲಾಗಿ ಕುಂತಾರ, ಪೂಜಿ ಮುಗದೈತಿ, ಬುತ್ತಿ ಗಂಟು ಮುಂದ ಐತಿ. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ವಾಸನಿ ಬರಾಕತ್ತೈತಿ. ಯಾರೂ ಗಂಟು ಬಿಚ್ಚವಲ್ರು. ನನ್ನ ಪೂಜಿ ಆಗಿಲ್ಲಲ್ಲ. "ಉಣ್ರಿ, ನನ್ನ ಸಲುವಾಗಿ ಕುಂಡ್ರಬ್ಯಾಡ್ರಿ" ಅಂದ್ನಿ. "ಏ, ಅದೆಂಗಾದೀತ್ರಿ ಅಕ್ಕೋರ, ನಿಮ್ಮಂಥಾ ನಿಷ್ಠಾವಂತರು ಉಪವಾಸ ಇರೂ ಮುಂದ?" ಅಂದ್ಲು ಶಾಂತವ್ವ. ಆಕಿಗೆ ಸಕ್ಕರಿ ರೋಗ. ಆಕಿ ಕೈ ಸಣ್ಣಗ ನಡಗಾಕತ್ತಿದ್ದು ನನಗ ಕಂಡಿತು.

"ನಡೀ ನೀಲಾ, ಬೆಳ್ಳಿ ಕೆಲಸದ ಪತ್ತಾರನ ಮನಿಗೆ ಹೋಗಿ ಒಡಿಸಿಕೊಂಡು ಬರೂಣು" ಅಂತ ಮಾಂವ ಸ್ಕೂಟರ್ ಚಾಲೂ ಮಾಡಿದ್ರು.

ಇಳಕಲ್ ಅಲ್ಲಿಂದ ಭಾಳ ದೂರಿಲ್ಲ. ಹಾದಿ ಎಡಕ್ಕ ಬಲಕ್ಕ ಕಲ್ಲು ಪಾಲಿಶ್ ಕಾರ್ಖಾನಿ, ರವಿವಾರ ಅಂತ ಎಲ್ಲಾ ಸುಮ್ಮನ ನಿಂತಾವ. ಪತ್ತಾರ ಸಣ್ಣ ಉಳಿ ಇಟ್ಟು ಒಂದ ಏಟು ಹೊಡೀತಾನ, ಮುಚ್ಚಳ ಹಾರತೈತಿ, ಮಾಂವ ಬಗ್ಗಿ ನೋಡ್ತಾರ. ಕಣ್ಣ ಮುಂದ ಅದ ಒಂದ ಬರಾಕತ್ತಿತ್ತು. ದೋಣ್ಯಾಗ ಎರಡು ತಾಸು ಚಪ್ಪಲಿ ಕಾಯ್ದ ಮನಷ್ಯಾ. ಅವರಿಗೆ ನಾ ಮೂರು ವರ್ಷ "ಐತ್ರಿ, ಐತ್ರಿ" ಅಂದೇನಿ.

"ಮಾಂವಾ, ಗಾಡಿ ನಿಂದರಸರಿ."

ಒಂದು ಬೇವಿನ ಗಿಡದ ಕೆಳಗ ನಿಂದರಿಸಿದ್ರು. ನಾ ಇಳಿಯಲಿಲ್ಲ. ಅವರ ಬೆನ್ನು ನೋಡಿಕೋಂತನ ಹೇಳಿದ್ನಿ. ಮುಖ ನೋಡಿಕೋಂತ ಹೇಳಾಕ ಆಗತಿದ್ದಿಲ್ಲ.

"ಒಳಗ ಏನೂ ಇಲ್ರಿ. ಹನ್ನೊಂದು ವರ್ಷದಾಕಿ ಇದ್ದಾಗ ನಮ್ಮ ಭಾಂವ್ಯಾಗ ಹೋತು. ನೀವು ಈಸ ಕಲಸಿದ ಭಾಂವ್ಯಾಗ. ಯಾರಿಗೂ ಹೇಳಿಲ್ಲ. ಅವ್ವಗೂ ಹೇಳಲಿಲ್ಲ, ಆಕಿ ಹೋಗಿಬಿಟ್ಲು."

ಮಾಂವ ಕೀಲಿ ತಿರುವಿ ಸ್ಕೂಟರ್ ಬಂದ್ ಮಾಡಿದ್ರು. ಆಮ್ಯಾಲ ಹಿಂದ ತಿರುಗದ ಅಂದ್ರು, "ಗೊತ್ತಿತ್ತವಾ."

"ಏನ್ ಗೊತ್ತಿತ್ರಿ?"

"ಕಲ್ಲಿನಾಗ ಜಲ್ಮ ತೆಗದಾವ ನಾನು. ಕೈಯಾಗ ಹಿಡದ್ರ ಒಳಗ ಕಲ್ಲು ಐತೋ ಇಲ್ಲೋ ತಿಳೂದಿಲ್ಲೇನು? ಮೊದಲನೇ ದಿನಾನ ತಿಳೀತು."

"ಮತ್ತ ಯಾಕ ಕೇಳಲಿಲ್ರಿ? ಯಾಕ ನೀರಿಗೆ ಬಿಟ್ರಿ?"

"ಕೊಳ್ಳಾಗ ಐತಿ ಅಂತ ನನ್ನ ದೋಣ್ಯಾಗ ಕುಂಡ್ರಿಸಿದ್ರು. ಕುಂತು ನೋಡೇನಿ ಹೆಂಗಿರತೈತಿ ಅಂತ. ಇಲ್ಲ ಅಂತ ನಾ ನಿನ್ನ ದಂಡಿಮ್ಯಾಲ ಕುಂಡ್ರಸಲೇನು?"

ನನಗ ಅಳು ಒತ್ತಿ ಬಂತು. ಅಳೂದರಾಗೂ ಸಿಟ್ಟು ಬಂತು. "ಗೊತ್ತಿದ್ದರೂ ಅಷ್ಟೂ ಮಂದೀನ ಉಪವಾಸ ಕುಂಡ್ರಿಸಿ ಬಂದ್ರಲ್ರಿ! ಶಾಂತವ್ವನ ಕೈ ನಡಗಾಕತ್ತಾವ!"

"ಶಾಂತವ್ವನ ಬಾಯಾಗ ಬೆಲ್ಲದ ಚೂರು ಹಾಕೇ ಬಂದೇನಿ, ನೀ ನೋಡಿಲ್ಲ." ಈಗ ಅವರು ತಿರುಗಿ ನನ್ನ ಮುಖ ನೋಡಿದ್ರು. "ನೀ ಬಾಯಿ ಬಿಟ್ಟು ಹೇಳ್ತಿ ಅಂತ ಕಾಯಾಕತ್ತಿದ್ನಿ. ಸಣ್ಣಾಕಿ ಇದ್ದಾಗಿಂದ ಇಲ್ಲೀತನಾ ನೀ ಒಬ್ಬಾಕಿನ ಉಪವಾಸ ಇದ್ದಿ ನೀಲಾ. ನಿನ್ನ ಸಲುವಾಗಿ ನಾವು ಒಂದು ತಾಸು ಇರಬಾರದೇನು?"

ಪತ್ತಾರನ ಮನಿಗೆ ಹೋಗಲಿಲ್ಲ. ಹೊಳ್ಳಿ ಬಂದು, ಎಲ್ಲಾರ ಮುಂದ ನಿಂತು, ನಾನ ಹೇಳಿದ್ನಿ. ಶಾಂತವ್ವ ನನ್ನ ಕಡೆ ನೋಡಿದ್ಲು, ಬುತ್ತಿ ಗಂಟು ಕಡೆ ನೋಡಿದ್ಲು, ಆಮ್ಯಾಲ ಗಂಟು ಬಿಚ್ಚಿ, ಎರಡು ರೊಟ್ಟಿಮ್ಯಾಲ ಎಣಗಾಯಿ ಹಾಕಿ ಮೊದಲ ನನ್ನ ಕೈಗೆ ಕೊಟ್ಲು. ನಾ ಉಂಡ ಮ್ಯಾಲ ಉಳಿದವರು ಉಂಡ್ರು.